ಮಿಣುಕುವ ಅಂಕಿಗಳು: ದೋಷಪತ್ತೆಯನ್ನು ಕಲಿಸುವ ಒಂದು ಪಾಠ

ವಿದ್ಯುತ್ ಮಂಡಲದ ಪಾಠದಲ್ಲಿ ಬಲ್ಬು ಉರಿಯದಿದ್ದರೆ ಕಾರಣವೇನೆಂದು ಪ್ರಶಿಕ್ಷಣಾರ್ಥಿ ಕೇಳುತ್ತಾರೆ. ಮುಂದಿನ ಸಾಲಿನಿಂದ "ಬಲ್ಬು ಹೋಗಿದೆ" ಎಂಬ ಉತ್ತರ ಬರುತ್ತದೆ. "ಸರಿ" ಎಂದು ಪಾಠ ಮುಂದೆ ಸಾಗುತ್ತದೆ. ಅಭ್ಯಾಸ ಬೋಧನೆಯ ವೀಕ್ಷಣೆಯಲ್ಲಿ ಇದು ಪದೇಪದೇ ಕಾಣುವ ದೃಶ್ಯ. ವಿದ್ಯಾರ್ಥಿ ಊಹಿಸಿದ್ದಾನೆಯೇ ಹೊರತು ಪತ್ತೆ ಮಾಡಿಲ್ಲ. ಊಹೆಗೂ ಪತ್ತೆಗೂ ಇರುವ ಅಂತರವನ್ನು ಹತ್ತನೇ ತರಗತಿಯ ಮಕ್ಕಳಿಗೆ ಮನಗಾಣಿಸಲು 45 ನಿಮಿಷಗಳ ಒಂದು ಪಾಠವನ್ನು ಇಲ್ಲಿ ಕೊಡಲಾಗಿದೆ.

ಉದ್ದೇಶಗಳು
1. ಲಕ್ಷಣವನ್ನು ಗಮನಿಸಿ ದೋಷ ಇರಬಹುದಾದ ಭಾಗವನ್ನು ಕಿರಿದುಗೊಳಿಸುವುದು.
2. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸುವ ಕ್ರಮವನ್ನು ವಿವರಿಸುವುದು.

ಬೋಧನೋಪಕರಣಗಳು: ಯಂತ್ರದ ಸರಳ ರೇಖಾಚಿತ್ರ, ಮೂರು ಲಕ್ಷಣ ಚೀಟಿಗಳು. ನಿಜವಾದ ಯಂತ್ರವನ್ನು ತರಗತಿಗೆ ತರಬೇಕಿಲ್ಲ, ತರಲೂಬಾರದು.

ಪೂರ್ವಜ್ಞಾನ ಪರೀಕ್ಷೆ
"ಬೀದಿಯ ಎಲ್ಲ ಮನೆಗಳಲ್ಲೂ ದೀಪ ಮಿಣುಕಿದರೆ ಯಾರನ್ನು ಕರೆಯುತ್ತೀರಿ? ನಿಮ್ಮ ಅಡುಗೆಮನೆಯಲ್ಲಿ ಮಾತ್ರ ಮಿಣುಕಿದರೆ?" ಮೊದಲನೆಯದಕ್ಕೆ ಲೈನ್‌ಮನ್, ಎರಡನೆಯದಕ್ಕೆ ಮನೆಯ ವೈರಿಂಗ್ ಕೆಲಸದವರು ಎಂದು ಮಕ್ಕಳೇ ಹೇಳುತ್ತಾರೆ. ಪಾಠದ ತಿರುಳು ಇಲ್ಲೇ ಇದೆ.

ಮಂಡನೆ
ಹಂತ 1: ಪಿನ್‌ಬಾಲ್ ಯಂತ್ರದ ಪರಿಚಯ. ಇಳಿಜಾರು ಹಲಗೆಯ ಮೇಲೆ ಉರುಳುವ ಉಕ್ಕಿನ ಗುಂಡನ್ನು ಪುಟ್ಟ ತೋಳುಗಳಿಂದ ಹೊಡೆದು ಅಂಕ ಗಳಿಸುವ ಆಟವಿದು. ಅಮೆರಿಕದ ಶಿಕಾಗೋದ ಬ್ಯಾಲಿ ಕಂಪನಿ 1977ರಲ್ಲಿ ಹೊರತಂದ 'ಎಯ್ಟ್ ಬಾಲ್' ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದರಲ್ಲಿ ಐದು ಅಂಕಿಫಲಕಗಳಿವೆ: ನಾಲ್ವರು ಆಟಗಾರರಿಗೆ ಒಂದೊಂದು, ಬಾಕಿ ಆಟಗಳ ಎಣಿಕೆ ಮೊದಲಾದವಕ್ಕೆ ಇನ್ನೊಂದು. ಗಾಜಿನೊಳಗಿನ ಅನಿಲ ಬೆಳಗಲು ಸುಮಾರು 190 ವೋಲ್ಟ್ ನೇರ ವಿದ್ಯುತ್ ಬೇಕು. ಫಲಕದ ಹಿಂದಿನ ಚಿಪ್‌ಗೆ 5 ವೋಲ್ಟ್ ಸಾಕು.

ಹಂತ 2: ಅಂಕಿ ಬೆಳಗುವ ಬಗೆ. ಫಲಕದ ಆರು ಅಂಕಿಗಳು ಏಕಕಾಲಕ್ಕೆ ಉರಿಯುವುದಿಲ್ಲ. ಒಂದಾದ ಮೇಲೊಂದು ಸರದಿಯಲ್ಲಿ ಉರಿಯುತ್ತವೆ. ಸರದಿ ಸೆಕೆಂಡಿಗೆ ಸುಮಾರು 320 ಸಲ ಬದಲಾಗುತ್ತದೆ. ಹಾಗಾದರೆ ಒಂದು ಅಂಕಿ ಸೆಕೆಂಡಿಗೆ ಎಷ್ಟು ಸಲ ಬೆಳಗಿತು? ಮಕ್ಕಳೇ ಭಾಗಿಸಲಿ: ಸುಮಾರು 53 ಸಲ. ನಮ್ಮ ಕಣ್ಣಿಗೆ ಅದು ಸ್ಥಿರವಾಗಿ ಕಾಣುತ್ತದೆ. ಈ ಲಯ ಅಥವಾ ವಿದ್ಯುತ್ ಪೂರೈಕೆ ಕೆಟ್ಟಾಗ ಮಿಣುಕು ಕಣ್ಣಿಗೆ ಬೀಳುತ್ತದೆ.

ಹಂತ 3: ಲಕ್ಷಣ ಚೀಟಿಗಳು. ಪ್ರತಿ ಗುಂಪಿಗೆ ಒಂದೊಂದು.
ಅ) ಐದೂ ಫಲಕಗಳು ಒಟ್ಟಿಗೆ ಮಿಣುಕುತ್ತಿವೆ. ಎಲ್ಲಕ್ಕೂ ಸಮಾನವಾದ ವಿದ್ಯುತ್ ಪೂರೈಕೆಯನ್ನು ಮೊದಲು ನೋಡಬೇಕು: ಹಳೆಯದಾಗಿ ಸೋತ ಕೆಪಾಸಿಟರ್, ಅದುರಾಟಕ್ಕೆ ಬಿರುಕುಬಿಟ್ಟ ಬೆಸುಗೆ, ಸಡಿಲವಾದ ಕನೆಕ್ಟರ್.
ಆ) ಮೂರನೆಯ ಆಟಗಾರನ ಫಲಕ ಮಾತ್ರ ಮಿಣುಕುತ್ತಿದೆ. ಪೂರೈಕೆ ಸರಿಯಿರುವ ಸಂಭವ ಹೆಚ್ಚು. ಅದನ್ನು ಎರಡನೆಯದರೊಂದಿಗೆ ಅದಲುಬದಲು ಮಾಡಬೇಕು. ಮಿಣುಕು ಫಲಕದ ಜೊತೆ ಹೋದರೆ ದೋಷ ಫಲಕದ್ದು; ಮೂರನೆಯ ಸ್ಥಾನದಲ್ಲೇ ಉಳಿದರೆ ಅಲ್ಲಿಗೆ ಬರುವ ತಂತಿ, ಕನೆಕ್ಟರ್ ಅಥವಾ ಸಂಕೇತದ್ದು.
ಇ) ನಾಲ್ವರ ಫಲಕಗಳಲ್ಲೂ ಎಡದಿಂದ ಎರಡನೆಯ ಅಂಕಿಯೇ ಮಿಣುಕುತ್ತಿದೆ. ಆ ಸ್ಥಾನದ ಸರದಿ ಸಂಕೇತ ಎಲ್ಲ ಫಲಕಗಳಿಗೂ ಒಂದೇ ಸಾಲಿನಲ್ಲಿ ಹೋಗುತ್ತದೆ. ಆ ಸಾಲನ್ನು ಪರೀಕ್ಷಿಸಬೇಕು.

ಎಚ್ಚರಿಕೆ: 190 ವೋಲ್ಟ್ ಪ್ರಾಣಾಪಾಯಕಾರಿ. ಅದಲುಬದಲು ಮಾಡುವುದು ವಿದ್ಯುತ್ ಕಡಿದ ಮೇಲೆಯೇ. ಕಡಿದ ನಂತರವೂ ಕೆಪಾಸಿಟರ್‌ನಲ್ಲಿ ಆವೇಶ ಉಳಿದಿರಬಹುದು. ಆದ್ದರಿಂದ ಇದು ತಜ್ಞರ ಕೆಲಸವೆಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ; ಮನೆಯ ಉಪಕರಣಗಳನ್ನು ಬಿಚ್ಚಬಾರದೆಂದೂ ತಿಳಿಸಿ.

ಮೌಲ್ಯಮಾಪನ
"ಐದೂ ಫಲಕಗಳು ಮಿಣುಕುತ್ತಿವೆ. ಪೂರೈಕೆಯ ಕೆಪಾಸಿಟರ್ ಬದಲಿಸಿದರೂ ಸರಿಹೋಗಲಿಲ್ಲ. ಮುಂದೇನು?" ಕೆಟ್ಟ ಒಂದೇ ಫಲಕ ಹೆಚ್ಚು ವಿದ್ಯುತ್ ಎಳೆದು ಉಳಿದವನ್ನೂ ಕುಗ್ಗಿಸಬಲ್ಲದು. ಎಲ್ಲವನ್ನೂ ಕಳಚಿ, ಪ್ರತಿ ಸಲವೂ ವಿದ್ಯುತ್ ಕಡಿದು ಒಂದೊಂದನ್ನೇ ಮರಳಿ ಜೋಡಿಸಿದರೆ ಅದು ಸಿಕ್ಕಿಬೀಳುತ್ತದೆ. 'ಎಲ್ಲವೂ ಮಿಣುಕಿದರೆ ಪೂರೈಕೆ' ಎಂಬುದನ್ನು ಬಾಯಿಪಾಠ ಮಾಡಿದವರು ಇಲ್ಲಿ ನಿಲ್ಲುತ್ತಾರೆ. ತರ್ಕ ಹಿಡಿದವರು ಮುಂದೆ ಹೋಗುತ್ತಾರೆ.

ಬೋಧಕರ ಗಮನಕ್ಕೆ
ಈ ಪಾಠದಲ್ಲಿ ಉತ್ತರಕ್ಕಿಂತ "ಹೇಗೆ ಗೊತ್ತಾಯಿತು?" ಎಂಬ ಮರುಪ್ರಶ್ನೆಗೆ ಹೆಚ್ಚು ಬೆಲೆ. ಅವಸರದಲ್ಲಿ "ಫಲಕ ಹೋಗಿದೆ" ಎಂದವನು ಚೆನ್ನಾಗಿರುವ ಹಳೆಯ ಗಾಜಿನ ಫಲಕವನ್ನು ಎಸೆದಿರುತ್ತಾನೆ. ಅಂಥದ್ದು ಮತ್ತೆ ಸುಲಭಕ್ಕೆ ಸಿಗುವುದಿಲ್ಲ. ದೋಷವೂ ಹಾಗೇ ಉಳಿದಿರುತ್ತದೆ.

ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗಲೂ ಇದೇ ಕ್ರಮ ನಮಗೆ ಅನ್ವಯಿಸುತ್ತದೆ. ಒಬ್ಬ ವಿದ್ಯಾರ್ಥಿ ತಪ್ಪಿದರೆ ಅವನ ಬಳಿ ಕುಳಿತು ಕೇಳೋಣ. ಇಡೀ ತರಗತಿ ಒಂದೇ ಪ್ರಶ್ನೆಯಲ್ಲಿ ತಪ್ಪಿದರೆ ಮೊದಲು ಪರಿಶೀಲಿಸಬೇಕಾದದ್ದು ನಮ್ಮ ವಿವರಣೆಯನ್ನು.