ವ್ಯಾಟ್ ನೋಡಿ ಬೆದರಬೇಡಿ

ದೊಡ್ಡ ಡೇಟಾ ಸೆಂಟರ್‌ಗೆ ಸರ್ವರ್ ಕೊಳ್ಳುವವರು ಪ್ರೊಸೆಸರ್‌ನ ವ್ಯಾಟ್ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಎಎಂಡಿಯ ಎಪಿಕ್ 9754 ಚಿಪ್ಪಿನದು 360 ವ್ಯಾಟ್. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದರೊಳಗೆ 128 ಕೋರ್‌ಗಳಿವೆ, ಕೋರ್ ಒಂದಕ್ಕೆ ಮೂರು ವ್ಯಾಟ್‌ಗಿಂತ ಕಮ್ಮಿಯೇ ಆಯಿತು. ವೆಬ್ ಸೇವೆಯಂಥ ಚಿಕ್ಕಪುಟ್ಟ ಕೆಲಸಗಳು ಸಾವಿರಾರು ಇದ್ದರೆ ಇಂಥದ್ದೇ ಲೇಸು. ಕೋರ್ ಲೆಕ್ಕದಲ್ಲಿ ಲೈಸೆನ್ಸ್ ಹಣ ಕೀಳುವ ಡೇಟಾಬೇಸ್ ನಿಮ್ಮದಾದರೆ ಮಾತೇ ಬೇರೆ.

ಇನ್ನೊಂದು ವಿಷಯ. ಬಹುಪಾಲು ಸರ್ವರ್‌ಗಳು ಪೂರ್ತಿ ದುಡಿಯುವುದೇ ಅಪರೂಪ. ಸರ್ವರ್‌ಗಳ ವಿದ್ಯುತ್ ಬಳಕೆ ಅಳೆಯುವ ಸ್ಪೆಕ್‌ಪವರ್ ಪರೀಕ್ಷೆಯ ವರದಿಯಲ್ಲಿ ಶೇ. 100ರಿಂದ ಶೇ. 10ರವರೆಗಿನ ಹೊರೆಗೆ, ಕೊನೆಗೆ ಸುಮ್ಮನೆ ಕೂತಾಗಲೂ ಯಂತ್ರ ಎಳೆಯುವ ವಿದ್ಯುತ್ತಿನ ಲೆಕ್ಕ ಇರುತ್ತದೆ. ಮಾರುವವರು ಮೇಲಿನ ಸಾಲು ತೋರಿಸಿಯಾರು. ನೀವು ಕೆಳಗಿನವನ್ನು ಓದಿ. ನಿಮ್ಮದೇ ಕೆಲಸವನ್ನು ಒಂದೆರಡು ಯಂತ್ರಗಳ ಮೇಲೆ ಓಡಿಸಿ, ಮೀಟರ್ ನೋಡಿದ ಮೇಲಷ್ಟೇ ಆರ್ಡರ್ ಕೊಡಿ.