ಮೊದಲ ಕಿರಣಕ್ಕೆ ಮುನ್ನ: ಕ್ಯಾನ್ಸರ್ ರೋಗಿಯ ಹಕ್ಕುಗಳು ಮತ್ತು ಸಿದ್ಧತೆ

ಕ್ಯಾನ್ಸರ್ ಇದೆ ಎಂದು ಬಯಾಪ್ಸಿ ವರದಿಯಿಂದ ಖಚಿತವಾದ ದಿನಕ್ಕೂ ವಿಕಿರಣ ಚಿಕಿತ್ಸೆಯ ಮೊದಲ ಸರದಿಗೂ ನಡುವೆ ಸಾಮಾನ್ಯವಾಗಿ ಕೆಲವೇ ವಾರಗಳ ಅಂತರವಿರುತ್ತದೆ. ಭಯ, ಓಡಾಟ ಮತ್ತು ಹಣದ ಚಿಂತೆಯಲ್ಲಿ ಕಳೆದುಹೋಗುವ ಈ ಅವಧಿಯೇ ಕಾನೂನಿನ ದೃಷ್ಟಿಯಿಂದ ರೋಗಿಗೆ ಅತ್ಯಂತ ಮಹತ್ವದ್ದು. ಸಮ್ಮತಿ ಪತ್ರಕ್ಕೆ ಸಹಿ ಬೀಳುವುದು, ಸರ್ಕಾರಿ ಯೋಜನೆಯ ಅಥವಾ ವಿಮೆಯ ಅನುಮೋದನೆ ದೊರೆಯುವುದು, ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲು ಬಿಡುವಿರುವುದು, ಮುಂದೆ ಮಕ್ಕಳನ್ನು ಪಡೆಯುವ ಸಾಮರ್ಥ್ಯವನ್ನು ಉಳಿಸಿಕೊಳ್ಳುವ ನಿರ್ಧಾರವಾಗುವುದು ಇವೆಲ್ಲ ಈ ವಾರಗಳಲ್ಲೇ. ಚಿಕಿತ್ಸೆ ಆರಂಭವಾದ ಮೇಲೆ ಇವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಿಕೊಳ್ಳಲು ದಾರಿ ಉಳಿಯುವುದಿಲ್ಲ.

ಎಲ್ಲ ಹಕ್ಕುಗಳಿಗೂ ಮೊದಲಿನದು ತನಗೇನಾಗಿದೆ ಎಂದು ತಿಳಿಯುವ ಹಕ್ಕು. ಬಹಳಷ್ಟು ಕುಟುಂಬಗಳಲ್ಲಿ ವರದಿ ಮೊದಲು ಮಗನ ಅಥವಾ ಅಳಿಯನ ಕೈ ಸೇರುತ್ತದೆ, ‘ಅವರಿಗೆ ಹೇಳಬೇಡಿ, ಎದೆಗುಂದುತ್ತಾರೆ’ ಎಂಬ ಕೋರಿಕೆ ವೈದ್ಯರ ಮುಂದೆ ಬರುತ್ತದೆ, ರೋಗಿಗೆ ಮಾತ್ರ ‘ಗಡ್ಡೆ ಇದೆ, ಕರೆಂಟ್ ಕೊಟ್ಟರೆ ಕರಗುತ್ತದೆ’ ಎಂದಷ್ಟೇ ಹೇಳಲಾಗುತ್ತದೆ. ಈ ಕೋರಿಕೆಯ ಹಿಂದೆ ಇರುವುದು ಪ್ರೀತಿಯೇ. ವೈದ್ಯರ ವೃತ್ತಿ ನಡವಳಿಕೆಯನ್ನು ಕುರಿತ 2002ರ ನಿಯಮಾವಳಿ ಕೂಡ ರೋಗದ ಗಂಭೀರತೆಯನ್ನು ವೈದ್ಯರು ಹಿಗ್ಗಿಸಿಯೂ ಹೇಳಬಾರದು, ಕುಗ್ಗಿಸಿಯೂ ಹೇಳಬಾರದು ಎಂದು ವಿಧಿಸುತ್ತಲೇ, ರೋಗಿಗೆ ಅಥವಾ ಸಂಬಂಧಿಕರಿಗೆ ಅಗತ್ಯವಾದಷ್ಟು ತಿಳಿದಿರಬೇಕು ಎಂದು ಕುಟುಂಬಕ್ಕೂ ಸ್ವಲ್ಪ ಜಾಗ ಬಿಟ್ಟಿದೆ. ಆದರೆ ಸಮ್ಮತಿಯ ಕಾನೂನು ಅಂಥ ಜಾಗ ಬಿಟ್ಟಿಲ್ಲ. ಹದಿನೆಂಟು ತುಂಬಿದ, ಸ್ವಸ್ಥ ಬುದ್ಧಿಯ ವ್ಯಕ್ತಿಯ ದೇಹದ ಮೇಲೆ ನಡೆಯುವ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಆ ವ್ಯಕ್ತಿಯೇ ಹೊರತು ಗಂಡನಲ್ಲ, ಹೆಂಡತಿಯಲ್ಲ, ಹಣ ಕಟ್ಟುವ ಮಗನೂ ಅಲ್ಲ. ಯಾವ ರೋಗಕ್ಕೆ ಎಂದು ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಈ ತತ್ತ್ವವನ್ನು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ವಿರುದ್ಧ ಡಾ. ಪ್ರಭಾ ಮನ್‌ಚಂದಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ರೋಗಪತ್ತೆಗಾಗಿ ಅರಿವಳಿಕೆ ಪಡೆದು ಮಲಗಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಿದ್ದ ಆ ಪ್ರಕರಣದಲ್ಲಿ, ಪ್ರಾಣಾಪಾಯದ ತುರ್ತು ಇರಲಿಲ್ಲವಾದ್ದರಿಂದ ಮತ್ತು ರೋಗಿ ಸ್ವಲ್ಪ ಹೊತ್ತಿನಲ್ಲೇ ಎಚ್ಚರಗೊಂಡು ತಾನೇ ನಿರ್ಧರಿಸಬಹುದಾಗಿದ್ದುದರಿಂದ, ತಾಯಿಯ ಒಪ್ಪಿಗೆಗೆ ಬೆಲೆಯಿಲ್ಲ ಎಂದು ನ್ಯಾಯಾಲಯ ಹೇಳಿತು. ಪರೀಕ್ಷೆಗೆ ಕೊಟ್ಟ ಸಮ್ಮತಿ ಚಿಕಿತ್ಸೆಗೆ ಅನ್ವಯಿಸದು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಪರ್ಯಾಯಗಳು, ಗಣನೀಯ ಅಪಾಯಗಳು ಮತ್ತು ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ ಇವುಗಳನ್ನು ರೋಗಿಗೆ ವಿವರಿಸಿರಬೇಕು ಎಂಬುದು ಆ ತೀರ್ಪಿನ ಸಾರ. ತೀರಾ ಅಪರೂಪದ, ಕೇವಲ ಊಹೆಯ ಅಪಾಯಗಳನ್ನೆಲ್ಲ ಹೇಳಲೇಬೇಕೆಂದೇನೂ ನ್ಯಾಯಾಲಯ ವಿಧಿಸಲಿಲ್ಲವಾದ್ದರಿಂದ, ಮನಸ್ಸಿನಲ್ಲಿರುವ ಸಂದೇಹವನ್ನು ರೋಗಿಯೇ ಬಾಯಿಬಿಟ್ಟು ಕೇಳುವುದು ಜಾಣತನ.

ವಿಕಿರಣ ಚಿಕಿತ್ಸೆಯ ಮಟ್ಟಿಗೆ ಈ ವಿವರಣೆ ಎಷ್ಟು ನಿರ್ದಿಷ್ಟವಾಗಿರಬೇಕು ಎಂಬುದನ್ನು ತಿಳಿಯಲು ಚಿಕಿತ್ಸೆ ನಡೆಯುವ ಬಗೆಯನ್ನು ಅರಿತಿರಬೇಕು. ಜನರು ‘ಕರೆಂಟ್’ ಎಂದು ಕರೆದರೂ ಇದರಲ್ಲಿ ವಿದ್ಯುತ್ ಆಘಾತವಿಲ್ಲ, ಕಿರಣ ಬೀಳುವಾಗ ನೋವೂ ಇಲ್ಲ. ಲೀನಿಯರ್ ಆಕ್ಸಿಲರೇಟರ್ ಅಥವಾ ಕೋಬಾಲ್ಟ್ ಯಂತ್ರದಿಂದ ಹೊರಡುವ ಹೆಚ್ಚಿನ ಶಕ್ತಿಯ ಕಿರಣಗಳನ್ನು ಗಡ್ಡೆಯಿರುವ ಜಾಗಕ್ಕೆ ದಿನಕ್ಕೆ ಸ್ವಲ್ಪದಂತೆ, ಸಾಮಾನ್ಯವಾಗಿ ವಾರಕ್ಕೆ ಐದು ದಿನ ಹಾಯಿಸಲಾಗುತ್ತದೆ. ಒಂದು ದಿನದ ಪಾಲನ್ನು ಫ್ರ್ಯಾಕ್ಷನ್ ಎಂದೂ ಪ್ರಮಾಣದ ಅಳತೆಯನ್ನು ಗ್ರೇ ಎಂದೂ ಕರೆಯುತ್ತಾರೆ. ಅದಕ್ಕೂ ಮುನ್ನ ಸಿಮ್ಯುಲೇಷನ್ ನಡೆಯುತ್ತದೆ, ಅಂದರೆ ಚಿಕಿತ್ಸೆಯ ಭಂಗಿಯಲ್ಲೇ ಮಲಗಿಸಿ ಸಿ.ಟಿ. ಸ್ಕ್ಯಾನ್ ತೆಗೆದು, ಚರ್ಮದ ಮೇಲೆ ಗುರುತು ಹಾಕಿ, ತಲೆ ಅಥವಾ ಕುತ್ತಿಗೆಯ ಕ್ಯಾನ್ಸರಾದರೆ ಬಿಸಿನೀರಿನಲ್ಲಿ ಮೃದುವಾಗುವ ಪ್ಲಾಸ್ಟಿಕ್ ಜಾಲರಿಯ ಮುಖವಾಡವನ್ನು ಅಚ್ಚು ತೆಗೆದು, ಕಿರಣ ಯಾವ ದಿಕ್ಕಿನಿಂದ ಎಷ್ಟು ಬೀಳಬೇಕೆಂದು ವೈದ್ಯರೂ ವೈದ್ಯಕೀಯ ಭೌತವಿಜ್ಞಾನಿಯೂ ಲೆಕ್ಕ ಹಾಕುತ್ತಾರೆ. ಪುರುಷ ವೈದ್ಯರು ಪರೀಕ್ಷಿಸುವಾಗ ಮಹಿಳೆಯೊಬ್ಬರು ಜೊತೆಗಿರಬೇಕೆಂದು ಕೇಳಲು ಮಹಿಳಾ ರೋಗಿಗೆ ಇರುವ ಹಕ್ಕನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ. ಎದೆಯ ಮೇಲೆ ಗುರುತು ಹಾಕುವ ಹೊತ್ತಿನಲ್ಲೂ ಸಂಕೋಚವಿಲ್ಲದೆ ಇದನ್ನು ಕೇಳಬಹುದು. ಹೊರಗಿನಿಂದ ಕಿರಣ ಹಾಯಿಸಿಕೊಂಡವರ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲವಾದ್ದರಿಂದ ಮನೆಯ ಮಕ್ಕಳನ್ನು ಅವರಿಂದ ದೂರವಿಡುವುದಕ್ಕೆ ಕಾರಣವೇ ಇಲ್ಲ, ಮತ್ತು ಈ ಮಾತನ್ನು ಮನೆಯವರಿಗೂ ಆಸ್ಪತ್ರೆಯಲ್ಲೇ ಹೇಳಿಸುವುದು ಒಳ್ಳೆಯದು.

ಸಹಿ ಹಾಕುವ ಮುನ್ನ ತಿಳಿದುಕೊಳ್ಳಬೇಕಾದ ಮೊದಲ ಸಂಗತಿಯೆಂದರೆ ಚಿಕಿತ್ಸೆಯ ಗುರಿ ರೋಗವನ್ನು ವಾಸಿಮಾಡುವುದೋ ಅಥವಾ ನೋವು, ರಕ್ತಸ್ರಾವಗಳನ್ನು ತಗ್ಗಿಸುವುದೋ ಎಂಬುದು. ಆಸ್ತಿಪಾಸ್ತಿ, ಉದ್ಯೋಗ, ಮಕ್ಕಳ ಓದು ಎಲ್ಲದರ ತೀರ್ಮಾನವೂ ಈ ಉತ್ತರವನ್ನು ಅವಲಂಬಿಸಿರುತ್ತದೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನಲ್ಲಿ ಹಲ್ಲಿನ ತಪಾಸಣೆ ಮೊದಲೇ ಆಗಬೇಕು, ಏಕೆಂದರೆ ವಿಕಿರಣ ತಗುಲಿದ ದವಡೆಯಲ್ಲಿ ಆಮೇಲೆ ಹಲ್ಲು ಕೀಳಿಸಿದರೆ ಗಾಯ ಮಾಯದೆ ಮೂಳೆಯೇ ಸತ್ತುಹೋಗುವ ಅಪಾಯವಿದೆ. ಕಿಬ್ಬೊಟ್ಟೆಯ ಭಾಗಕ್ಕೆ ಕಿರಣ ಬೀಳುವುದಾದರೆ ಸ್ತ್ರೀಯರಲ್ಲಿ ಅಂಡಾಶಯದ, ಪುರುಷರಲ್ಲಿ ವೃಷಣದ ಶಕ್ತಿ ಕುಂದಬಹುದು. ವೀರ್ಯವನ್ನೋ ಅಂಡಾಣುವನ್ನೋ ಮೊದಲೇ ಶೀತಲೀಕರಿಸಿ ಇಡುವ ಅವಕಾಶವಿದೆಯೇ ಎಂದು ಕೇಳುವುದು ಅವಿವಾಹಿತರಿಗೂ ಸಲ್ಲುವ ಪ್ರಶ್ನೆ. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನವನ್ನು ನಿಯಂತ್ರಿಸುವ 2021ರ ಕಾಯ್ದೆಯ ಪ್ರಕಾರ ಇಂಥ ಸಂಗ್ರಹಕ್ಕೆ ನೋಂದಾಯಿತ ಸಂಸ್ಥೆಗಳಷ್ಟೇ ಅರ್ಹ, ಸಂಗ್ರಹದ ಗರಿಷ್ಠ ಅವಧಿ 10 ವರ್ಷ. ಮಗಳ ಮದುವೆಯ ಮಾತು ಹಾಳಾದೀತೆಂದು ಈ ಪ್ರಶ್ನೆಯನ್ನು ಮನೆಯವರು ನುಂಗಿಕೊಳ್ಳುವುದರಿಂದ ಆಗುವ ನಷ್ಟ ಜೀವನಪೂರ್ತಿಯದು. ಗರ್ಭಿಣಿಯಾಗಿರುವ ಸಾಧ್ಯತೆಯನ್ನೂ, ಹೃದಯದ ಪೇಸ್‌ಮೇಕರ್ ಇರುವುದನ್ನೂ, ಹಿಂದೆ ಯಾವಾಗಲಾದರೂ ವಿಕಿರಣ ಪಡೆದಿದ್ದನ್ನೂ ವೈದ್ಯರಿಗೆ ತಿಳಿಸುವುದು ರೋಗಿಯ ಹೊಣೆ.

ಸಮ್ಮತಿ ಪತ್ರ ಇಂಗ್ಲಿಷಿನಲ್ಲಿದ್ದು ಓದಲು ಬಾರದಿದ್ದರೆ ಅದನ್ನು ಕನ್ನಡದಲ್ಲಿ ಓದಿ ವಿವರಿಸುವಂತೆ ಕೇಳಬೇಕು. ಹೆಬ್ಬೆಟ್ಟು ಒತ್ತುವವರಿಗೂ ಇದೇ ಹಕ್ಕು ಇದೆ. ಸಂಶೋಧನೆಯ ಭಾಗವಾಗಿ ಹೊಸ ಔಷಧದ ಪ್ರಯೋಗಕ್ಕೆ ಸೇರಿಸುವುದಾದರೆ ಅದಕ್ಕೆ ಪ್ರತ್ಯೇಕ ಸಮ್ಮತಿ ಬೇಕು, ಮತ್ತು ಪ್ರಯೋಗಕ್ಕೆ ಒಲ್ಲೆ ಎಂದವರಿಗೆ ನಿಯತ ಚಿಕಿತ್ಸೆಯನ್ನು ತಪ್ಪಿಸುವಂತಿಲ್ಲ.

ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಮೊದಲಿನ ವೈದ್ಯರಿಗೆ ಮಾಡುವ ಅವಮಾನವಲ್ಲ, ರೋಗಿಗಳ ಹಕ್ಕುಗಳ ಸನ್ನದು ಒಪ್ಪಿರುವ ಹಕ್ಕು. ಅದಕ್ಕೆ ಬೇಕಾದ ದಾಖಲೆಗಳನ್ನು ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು 2002ರ ನಿಯಮಾವಳಿ ಹೇಳುತ್ತದೆ. ಬಯಾಪ್ಸಿಯ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್‌ಗಳನ್ನೂ ಮರುಪರೀಕ್ಷೆಗಾಗಿ ಕೇಳಿ ಪಡೆಯಬಹುದು. ಅದೇ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ಕಾಯ್ದಿಡುವ ಹೊಣೆ ವೈದ್ಯರ ಮೇಲಿರುವುದು 3 ವರ್ಷಗಳ ಮಟ್ಟಿಗೆ ಮಾತ್ರ. ಆದರೆ ಹತ್ತು ವರ್ಷಗಳ ಅನಂತರ ರೋಗ ಮರುಕಳಿಸಿದರೆ, ಹಿಂದೆ ಯಾವ ಭಾಗಕ್ಕೆ ಎಷ್ಟು ಗ್ರೇ ಕೊಟ್ಟಿತ್ತು ಎಂದು ತಿಳಿಯದೆ ಮತ್ತೆ ವಿಕಿರಣ ಕೊಡುವುದು ಅಪಾಯಕರ. ಆದ್ದರಿಂದ ಒಟ್ಟು ಪ್ರಮಾಣ, ಫ್ರ್ಯಾಕ್ಷನ್‌ಗಳ ಸಂಖ್ಯೆ, ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುವ ಚಿಕಿತ್ಸಾ ಸಾರಾಂಶವನ್ನು ಕೊನೆಯ ದಿನವೇ ಬರೆಸಿಕೊಂಡು ಪಹಣಿ, ಕ್ರಯಪತ್ರಗಳ ಜೊತೆಯಲ್ಲೇ ಜೋಪಾನ ಮಾಡುವುದು ಒಳಿತು.

ಚಿಕಿತ್ಸಾ ಕೇಂದ್ರದ ಯೋಗ್ಯತೆಯ ಬಗೆಗೂ ಕೇಳುವ ಅಧಿಕಾರ ರೋಗಿಗಿದೆ. ದೇಶದಲ್ಲಿ ವಿಕಿರಣ ಚಿಕಿತ್ಸೆಯ ಯಂತ್ರಗಳನ್ನು ನಡೆಸಲು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು; ವಿಕಿರಣ ತಜ್ಞವೈದ್ಯರು, ವೈದ್ಯಕೀಯ ಭೌತವಿಜ್ಞಾನಿ ಮತ್ತು ಮಂಡಳಿ ಒಪ್ಪಿದ ವಿಕಿರಣ ಸುರಕ್ಷತಾ ಅಧಿಕಾರಿ ಅಲ್ಲಿರಬೇಕು.

ಹಣದ ಏರ್ಪಾಡಿಗೆ ಕಾಲದ ಗಡುವಿದೆ ಎಂಬುದನ್ನು ಕುಟುಂಬಗಳು ತಡವಾಗಿ ಅರಿಯುತ್ತವೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಹೊರಗಿನ ವಿಕಿರಣ ಮತ್ತು ಒಳಗಿನಿಂದ ಕೊಡುವ ಬ್ರೇಕಿಥೆರಪಿ ಎರಡೂ ಸೇರಿ ಸುಮಾರು 8 ವಾರಗಳಲ್ಲಿ ಮುಗಿಯಬೇಕು. ನಡುವೆ ನಿಂತರೆ ಉಳಿದ ಜೀವಕೋಶಗಳು ಮತ್ತೆ ಬೆಳೆದು ಚಿಕಿತ್ಸೆಯ ಫಲ ತಗ್ಗುತ್ತದೆ. ಹೀಗಾಗಿ ಮೊದಲ ಹತ್ತು ಸರದಿಗೆ ಸಾಲುವಷ್ಟು ಹಣ ಹೊಂದಿಸಿಕೊಂಡು ಆರಂಭಿಸಿ, ಆಮೇಲೆ ನೋಡೋಣ ಎನ್ನುವುದು ಈ ಚಿಕಿತ್ಸೆಗೆ ಒಗ್ಗದ ನಡೆ. ಪೂರ್ಣ ಸರಣಿಗೆ ಅನುಮೋದನೆ ಮೊದಲೇ ದೊರೆತಿರಬೇಕು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತವಾಗಿದ್ದು, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ, ಸರ್ಕಾರ ಭರಿಸುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸೇರುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆಯುವುದು ಸಾಮಾನ್ಯ ನಿಯಮ. ಬಿಪಿಎಲ್ ರೋಗಿಯಿಂದ ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ಬೇರೆಯಾಗಿ ಹಣ ಪಡೆಯುವಂತಿಲ್ಲ. ವಿಕಿರಣದ ಒಂದೊಂದು ತಂತ್ರಕ್ಕೂ ಬೇರೆ ಬೇರೆ ಪ್ಯಾಕೇಜ್ ಇರುವುದರಿಂದ ಯಾವುದಕ್ಕೆ ಅನುಮೋದನೆ ಸಿಕ್ಕಿದೆ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕೇಳಿ ತಿಳಿಯಬೇಕು. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಜೊತೆಗೆ ಕಲಬುರಗಿಯಲ್ಲಿ ಅದರ ಕೇಂದ್ರವೂ ಇರುವುದರಿಂದ ಕಲ್ಯಾಣ ಕರ್ನಾಟಕದ ರೋಗಿಗಳು ಬೆಂಗಳೂರಿನ ಬಸ್ಸು ಹತ್ತುವ ಮುನ್ನ ಅಲ್ಲಿ ವಿಚಾರಿಸುವುದು ಲೇಸು.

ಖಾಸಗಿ ಆರೋಗ್ಯ ವಿಮೆ ಮಾಡಿಸಿಕೊಂಡವರು, ವಿಕಿರಣಕ್ಕೆ ದಿನವಿಡೀ ಆಸ್ಪತ್ರೆಯಲ್ಲಿ ಮಲಗಬೇಕಿಲ್ಲವಾದ್ದರಿಂದ ವಿಮೆ ಸಿಗದೆಂದು ತಿಳಿಯಬೇಕಾಗಿಲ್ಲ. ಇದನ್ನು ಸಾಮಾನ್ಯವಾಗಿ ಡೇ ಕೇರ್ ಚಿಕಿತ್ಸೆಯಾಗಿ ಪರಿಗಣಿಸಲಾಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮಗಳಂತೆ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕು, ಮತ್ತು 60 ತಿಂಗಳು ನಿರಂತರವಾಗಿ ನಡೆದ ಪಾಲಿಸಿಯನ್ನು ವಂಚನೆ ರುಜುವಾತಾದ ಹೊರತು ಮಾಹಿತಿ ಮುಚ್ಚಿಟ್ಟ ಕಾರಣ ನೀಡಿ ನಿರಾಕರಿಸುವಂತಿಲ್ಲ. ನಿರಾಕರಣೆ ಬಂದರೆ ಮೊದಲು ಕಂಪನಿಗೆ ಲಿಖಿತ ದೂರು, ಅಲ್ಲಿ ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರಿಗೆ ಅರ್ಜಿ, ಅಲ್ಲಿ ಶುಲ್ಕವಿಲ್ಲ.

ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕರಿಗೆ, ವಂತಿಗೆಯ ಷರತ್ತುಗಳು ಪೂರೈಸಿದ್ದರೆ, ಕ್ಯಾನ್ಸರಿನಂಥ ದೀರ್ಘಕಾಲದ ರೋಗದಲ್ಲಿ ಕೂಲಿಯ ಶೇಕಡಾ 80ರಷ್ಟು ವಿಸ್ತೃತ ಕಾಯಿಲೆ ಭತ್ಯೆ 2 ವರ್ಷದವರೆಗೆ ಸಿಗಬಹುದು. ಚಿಕಿತ್ಸೆಗೆ ರೈಲಿನಲ್ಲಿ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎ.ಸಿ. ದರ್ಜೆಗಳಲ್ಲಿ ಪೂರ್ಣ ರಿಯಾಯಿತಿಯಿದೆ, ಜೊತೆಗಾರರಿಗೆ ಶೇಕಡಾ 75. ಇದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಖಾಸಗಿ ಉದ್ಯೋಗದಲ್ಲಿ ಕ್ಯಾನ್ಸರ್ ರೋಗಿಗೆಂದೇ ರಕ್ಷಣೆ ನೀಡುವ ಪ್ರತ್ಯೇಕ ಕಾಯ್ದೆ ಇಲ್ಲದಿರುವುದು ದೊಡ್ಡ ಕೊರತೆ. ಆದರೆ ರೋಗದಿಂದ ಅಂಗವೈಕಲ್ಯ ಉಂಟಾದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನೆರವಿಗೆ ಬರುತ್ತದೆ: ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಸಿಕೊಂಡವರ ಶಾಶ್ವತ ಮಾತಿನ ತೊಂದರೆಯನ್ನು ಅದು ಅಂಗವೈಕಲ್ಯವೆಂದೇ ಹೆಸರಿಸಿದೆ, ಮತ್ತು ಸೇವೆಯಲ್ಲಿದ್ದಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವುದಾಗಲಿ ಹುದ್ದೆ ಇಳಿಸುವುದಾಗಲಿ ಸಲ್ಲದೆಂದು ವಿಧಿಸಿದೆ.

ಮನಸ್ಸು ಕುಸಿಯುವುದೂ ಈ ರೋಗದ ಒಂದು ಭಾಗವೇ ಆಗಿದ್ದು, ಅದಕ್ಕೆ ಚಿಕಿತ್ಸೆ ಪಡೆಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರತಿಯೊಬ್ಬರ ಹಕ್ಕೆಂದು ಮಾನ್ಯ ಮಾಡಿದೆ. ನಿದ್ದೆ ಬಾರದ, ಊಟ ಬೇಡವೆನಿಸುವ, ಬದುಕೇ ಸಾಕೆನಿಸುವ ಸ್ಥಿತಿಯಲ್ಲಿ ರೋಗಿಯಾಗಲಿ ಆರೈಕೆ ಮಾಡುವವರಾಗಲಿ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲೇ ಉಚಿತ ಸಮಾಲೋಚನೆ ಸಿಗುತ್ತದೆ.

ಚಿಕಿತ್ಸೆಯ ಅಡ್ಡ ಪರಿಣಾಮಗಳೆಲ್ಲ ನಿರ್ಲಕ್ಷ್ಯವಲ್ಲ ಎಂಬುದನ್ನು ಇಲ್ಲಿ ನೇರವಾಗಿ ಹೇಳಬೇಕು. ಚರ್ಮ ಕಪ್ಪಾಗುವುದು, ಬಾಯಿ ಹುಣ್ಣಾಗುವುದು, ಭೇದಿ, ಆಯಾಸ ಇವು ಸರಿಯಾದ ಚಿಕಿತ್ಸೆಯಲ್ಲೂ ಬರುವಂಥವು; ಆದರೆ ಅವನ್ನು ಮೊದಲೇ ತಿಳಿಸದಿರುವುದು, ತಪ್ಪು ಜಾಗಕ್ಕೆ ಕಿರಣ ಹಾಯಿಸುವುದು, ದಾಖಲೆ ಕೊಡದಿರುವುದು ದೂರಿಗೆ ಯೋಗ್ಯವಾದ ಸಂಗತಿಗಳು. ಸುಪ್ರೀಂ ಕೋರ್ಟಿನ 1995ರ ವಿ.ಪಿ. ಶಾಂತಾ ತೀರ್ಪಿನ ಅನಂತರ ಹಣ ಪಡೆದು, ಆ ಹಣವನ್ನು ವಿಮಾ ಕಂಪನಿ ಕೊಟ್ಟಿದ್ದರೂ, ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಾರಣ ಉಂಟಾದ 2 ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬೇಕು. ತೆತ್ತ ಮೊತ್ತ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಖಾಸಗಿ ಆಸ್ಪತ್ರೆಯ ದರ, ಬಿಲ್ಲುಗಳ ತಕರಾರನ್ನು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದ ಮುಂದೆಯೂ, ವೈದ್ಯರ ವೃತ್ತಿಲೋಪವನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಮುಂದೆಯೂ ಇಡಬಹುದು.

ವಕೀಲರಿಗೆ ಕೊಡಲು ಹಣವಿಲ್ಲದ ಕಾರಣಕ್ಕೆ ಯಾರೂ ಸುಮ್ಮನಾಗಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಆದಾಯ ಎಷ್ಟೇ ಇರಲಿ ಎಲ್ಲ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಅಂಗವಿಕಲರಿಗೂ, ನಿಗದಿತ ಮಿತಿಗಿಂತ ಕಡಿಮೆ ಆದಾಯದ ಇತರರಿಗೂ ಉಚಿತ ಕಾನೂನು ನೆರವು ದೊರೆಯುತ್ತದೆ. ಇದಕ್ಕಾಗಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು, ಇಲ್ಲವೇ 15100 ಸಂಖ್ಯೆಗೆ ಕರೆ ಮಾಡಬಹುದು.