ಕ್ಯಾಬಿನ್ನೋ ಕಾಟೇಜೋ? ಮಧ್ಯಾಹ್ನ ಎರಡು ಗಂಟೆಯ ಲೆಕ್ಕ

ನಾವಿರುವ ಇಂಡಿಯಾನಾದಲ್ಲಿ ಮೇ ತಿಂಗಳು ಬಂತೆಂದರೆ ಕನ್ನಡದ ಮನೆಗಳಲ್ಲಿ ಒಂದೇ ಚರ್ಚೆ. ಶಾಲೆಗೆ ರಜೆ ಸಿಕ್ಕ ಕೂಡಲೇ ಹಾಲಿಡೇ ವರ್ಲ್ಡಿಗೆ ಹೋಗಬೇಕು, ಎರಡು ರಾತ್ರಿ ಅಲ್ಲೇ ಹತ್ತಿರದ ಕ್ಯಾಂಪ್‌ಗ್ರೌಂಡಿನಲ್ಲಿ ಉಳಿಯಬೇಕು. ಆದರೆ ಕ್ಯಾಬಿನ್ ಹಿಡಿಯುವುದೋ ಕಾಟೇಜ್ ಹಿಡಿಯುವುದೋ? ಟಿಕೆಟ್ ಹತ್ತು ಡಾಲರ್ ಕಡಿಮೆಗೆ ಸಿಗುತ್ತದಾ ಎಂದು ನಾಲ್ಕು ಕಡೆ ತಡಕುವವರೇ ಇಲ್ಲಿ ಮಾತ್ರ, ‘ರಾತ್ರಿ ಮಲಗೋಕೆ ತಾನೇ, ಇರೋದ್ರಲ್ಲಿ ಅಗ್ಗದ್ದು ಮಾಡಿಬಿಡು’ ಎಂದು ಮುಗಿಸಿಬಿಡುತ್ತಾರೆ. ನನ್ನನ್ನು ಕೇಳಿದವರಿಗೆ ನಾನು ತಿರುಗಿ ಕೇಳುವುದು ಇಷ್ಟೇ: ಮಧ್ಯಾಹ್ನ ಎರಡು ಗಂಟೆಗೆ ನಿಮ್ಮವರಲ್ಲಿ ಆ ಕೋಣೆಯಲ್ಲಿ ಇರುವವರು ಯಾರು?

ಜಾಗ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ದಕ್ಷಿಣ ಇಂಡಿಯಾನಾದ ಸಾಂಟಾ ಕ್ಲಾಸ್ ಎಂಬ ಪುಟ್ಟ ಊರಿನಲ್ಲಿದೆ ಈ ಪಾರ್ಕ್. 1946ರಲ್ಲಿ ಸಾಂಟಾ ಕ್ಲಾಸ್ ಲ್ಯಾಂಡ್ ಎಂಬ ಹೆಸರಿನಲ್ಲಿ ಶುರುವಾಯಿತು, 1984ರಲ್ಲಿ ಹಾಲಿಡೇ ವರ್ಲ್ಡ್ ಆಯಿತು. ಮರದ ರೋಲರ್ ಕೋಸ್ಟರ್‌ಗಳಿಗೆ ಹೆಸರುವಾಸಿ. 2006ರಲ್ಲಿ ಬಂದ ‘ವಾಯೇಜ್’ ಒಂದು ಮೈಲಿಗಿಂತಲೂ ಉದ್ದವಿದೆ. ಪಕ್ಕದಲ್ಲೇ ನೀರಿನ ಪಾರ್ಕ್, ಎರಡಕ್ಕೂ ಒಂದೇ ಟಿಕೆಟ್. ಹಣದ ವಿಷಯದಲ್ಲಿ ನನಗೆ ಈ ಪಾರ್ಕ್ ಇಷ್ಟವಾಗುವುದಕ್ಕೆ ಬೇರೆ ಕಾರಣವಿದೆ. ಕಾರ್ ನಿಲ್ಲಿಸುವುದಕ್ಕೆ ದುಡ್ಡಿಲ್ಲ. ಒಳಗೆ ತಂಪು ಪಾನೀಯ ಎಷ್ಟು ಕುಡಿದರೂ ಪುಕ್ಕಟೆ, 2000ದಿಂದಲೂ ಹೀಗೇ ನಡೆದುಕೊಂಡು ಬಂದಿದೆ. ಸನ್‌ಸ್ಕ್ರೀನ್ ಕೂಡ ಪುಕ್ಕಟೆ. ಬೇರೆ ಪಾರ್ಕುಗಳಲ್ಲಿ ಮಕ್ಕಳ ಬಾಯಾರಿಕೆಗೇ ಕರಗುವ ದುಡ್ಡು ಇಲ್ಲಿ ಉಳಿಯುವುದರಿಂದ, ಖರ್ಚಿನಲ್ಲಿ ದೊಡ್ಡ ಪಾಲು ತಂಗುವ ಜಾಗಕ್ಕೂ ಊಟಕ್ಕೂ ಹೋಗುತ್ತದೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಅಮೆರಿಕದ ಕ್ಯಾಂಪ್‌ಗ್ರೌಂಡುಗಳಲ್ಲಿ ಕ್ಯಾಬಿನ್ ಎಂದರೆ ಸಾಮಾನ್ಯವಾಗಿ ಒಂದು ಕೋಣೆಯ ಮರದ ಮನೆ. ಒಂದು ದೊಡ್ಡ ಮಂಚ, ಮಕ್ಕಳಿಗೆ ಒಂದರ ಮೇಲೊಂದು ಮಂಚ, ಒಂದು ಸಣ್ಣ ಫ್ರಿಜ್, ಮೈಕ್ರೋವೇವ್. ಶೌಚಾಲಯ ಕೆಲವುಗಳಲ್ಲಿ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಕಾಟೇಜ್ ಸ್ವಲ್ಪ ದೊಡ್ಡದು. ಬಾಗಿಲಿರುವ ಮಲಗುವ ಕೋಣೆ, ಒಳಗೇ ಬಚ್ಚಲು, ಒಲೆ, ಪಾತ್ರೆ ತೊಳೆಯುವ ಸಿಂಕ್. ಆದರೆ ಇದಕ್ಕೆ ಕಾನೂನಿನ ಕಟ್ಟುಪಾಡೇನೂ ಇಲ್ಲ. ಒಬ್ಬರು ಡೀಲಕ್ಸ್ ಕ್ಯಾಬಿನ್ ಎನ್ನುವುದನ್ನೇ ಇನ್ನೊಬ್ಬರು ಕಾಟೇಜ್ ಎನ್ನಬಹುದು. ಎರಡೂ ಹೆಸರಿನಲ್ಲಿ ಬಾಡಿಗೆಗೆ ಸಿಗುವುದು ಎಷ್ಟೋ ಕಡೆ ಪಾರ್ಕ್ ಮಾಡೆಲ್ ಎಂಬ ಚಕ್ರದ ಮೇಲಿನ ಮನೆ, ಹೆಚ್ಚೆಂದರೆ 400 ಚದರಡಿ. ಅದಕ್ಕೇ ನಾನು ಹೆಸರು ನೋಡುವುದಿಲ್ಲ, ನಕ್ಷೆ ನೋಡುತ್ತೇನೆ. ಬಚ್ಚಲು ಎಲ್ಲಿ, ಒಲೆ ಇದೆಯೋ ಇಲ್ಲವೋ, ಹಾಸಿಗೆ ಬಟ್ಟೆ ಅವರದೋ ನಮ್ಮದೋ. ಕೊನೆಯದನ್ನು ಫೋನ್ ಮಾಡಿಯೇ ಕೇಳಬೇಕು. ಬೆಡ್‌ಶೀಟು, ದಿಂಬು, ಟವೆಲ್ ಕೊಡದ ಕ್ಯಾಬಿನ್‌ಗಳು ಬೇಕಾದಷ್ಟಿವೆ. ಸಂಜೆ ಹೋಗಿ ನೋಡಿದಾಗ ಬರೀ ಪ್ಲಾಸ್ಟಿಕ್ ಹೊದಿಕೆಯ ಹಾಸಿಗೆ ಕಂಡರೆ, ಆರು ಜನಕ್ಕೆ ಬೇಕಾದ್ದನ್ನು ಹತ್ತಿರದ ಅಂಗಡಿಯಲ್ಲಿ ಕೊಳ್ಳುವಷ್ಟರಲ್ಲಿ ಒಂದು ರಾತ್ರಿಯ ಉಳಿತಾಯ ಹೋಗಿರುತ್ತದೆ.

ಮದುವೆಯಾದ ಹೊಸದರಲ್ಲಿ ಬೇರೆ ರಾಜ್ಯದ ಒಂದು ಪಾರ್ಕಿಗೆ ಹೋದಾಗ ನಾವು ಗೆಳೆಯರೆಲ್ಲ ಬಚ್ಚಲಿಲ್ಲದ ಕ್ಯಾಬಿನ್ನಿನಲ್ಲೇ ಉಳಿದದ್ದು. ಬೆಳಿಗ್ಗೆ ಗೇಟು ತೆಗೆಯುವ ಮೊದಲೇ ಹೊರಟರೆ ರಾತ್ರಿ ಪಟಾಕಿ ಮುಗಿದ ಮೇಲೆ ವಾಪಸ್ಸು. ಆ ಕೋಣೆಯಲ್ಲಿ ಎಚ್ಚರವಾಗಿದ್ದ ಹೊತ್ತು ಅಂದರೆ ಹಲ್ಲುಜ್ಜುವ ಚೀಲ ಹುಡುಕುವಷ್ಟು ಹೊತ್ತು. ಅವತ್ತು ಕಾಟೇಜಿಗೆ ಕೊಟ್ಟಿದ್ದರೆ ಅದು ದಂಡವೇ. ಇಪ್ಪತ್ತೈದು ವರ್ಷದವರಿಗೆ ಇವತ್ತೂ ನಾನು ಕ್ಯಾಬಿನ್ನೇ ಹೇಳುತ್ತೇನೆ, ಉಳಿದ ದುಡ್ಡಿನಲ್ಲಿ ಇನ್ನೊಂದು ದಿನದ ಟಿಕೆಟ್ ತೆಗೆದುಕೊಳ್ಳಿ ಎನ್ನುತ್ತೇನೆ.

ಹಾಸನದಿಂದ ಅತ್ತೆ ಮಾವ ಬಂದ ಬೇಸಿಗೆಯ ಕಥೆ ಬೇರೆ. ಮಾವನವರಿಗೆ ಮಂಡಿ ನೋವು. ಅತ್ತೆಯವರಿಗೆ ರಾತ್ರಿ ಏಳುವ ಅಭ್ಯಾಸ. ಬಚ್ಚಲಿಲ್ಲದ ಕ್ಯಾಬಿನ್ನಿನಿಂದ ಎಲ್ಲರಿಗೂ ಸೇರಿದ ಶೌಚಾಲಯಕ್ಕೆ ಹೋಗಬೇಕೆಂದರೆ ಕತ್ತಲಲ್ಲಿ ಚಪ್ಪಲಿ ಹುಡುಕಿ, ಟಾರ್ಚ್ ಹಿಡಿದು, ಜಲ್ಲಿ ಹಾಸಿದ ದಾರಿಯಲ್ಲಿ ನಡೆದು, ಬಾಗಿಲಿನ ನಂಬರು ಒತ್ತಬೇಕು. ಮೊದಲೇ ವಿವರಿಸಿದಾಗ ಅತ್ತೆ ಹೇಳಿದ್ದು ಒಂದೇ ಮಾತು: “ಹಾಗಾದ್ರೆ ನಾನು ಸಂಜೆಯಿಂದ ನೀರೇ ಕುಡಿಯಲ್ಲ ಬಿಡಮ್ಮ, ನಿನ್ನ ಯಾಕೆ ಎಬ್ಬಿಸೋದು.” ನನಗೆ ಅಲ್ಲೇ ತೀರ್ಮಾನವಾಯಿತು. ಜುಲೈ ತಿಂಗಳ ಸೆಕೆಯಲ್ಲಿ ಎಪ್ಪತ್ತರ ಹೆಂಗಸು ನೀರು ಬಿಟ್ಟು ನಮಗೆ ಎಂಬತ್ತು ಡಾಲರ್ ಉಳಿಸಿಕೊಡುವುದು ಬೇಡ. ಅಂಥ ಉಳಿತಾಯ ಯಾವ ಮನೆಗೂ ಬೇಡ.

ದುಡ್ಡಿನ ಲೆಕ್ಕವನ್ನೂ ಮಾಡೋಣ. ಸುಲಭಕ್ಕೆ ಕ್ಯಾಬಿನ್ನಿಗೆ ರಾತ್ರಿಗೆ 170 ಡಾಲರ್, ಕಾಟೇಜಿಗೆ 250 ಎಂದಿಟ್ಟುಕೊಳ್ಳಿ. ಎರಡು ರಾತ್ರಿಗೆ 160 ವ್ಯತ್ಯಾಸ, ತೆರಿಗೆ ಸೇರಿದರೆ 180ರ ಹತ್ತಿರ. ನಾವು ಆರು ಜನ. ಕ್ಯಾಬಿನ್ನಿನಲ್ಲಿ ಬೆಳಗಿನ ತಿಂಡಿ ಹಾಲು, ಬ್ರೆಡ್ಡು, ಹಣ್ಣಿನಲ್ಲಿ ನಡೆಯುತ್ತದೆ, ದಿನಕ್ಕೆ 20 ಡಾಲರ್. ರಾತ್ರಿ ಊಟ ಹೊರಗೆ, ಟಿಪ್ಸ್ ಸೇರಿ ತಲೆಗೆ 18 ಎಂದರೂ 108. ಎರಡು ದಿನಕ್ಕೆ ಎಲ್ಲಾ ಸೇರಿ 256. ಒಲೆ ಇರುವ ಕಾಟೇಜಿನಲ್ಲಿ ಎರಡು ತಿಂಡಿ, ಎರಡು ರಾತ್ರಿ ಊಟಕ್ಕೆ ಸಾಮಾನು 90 ಡಾಲರಿನಲ್ಲಿ ಮುಗಿಯುತ್ತದೆ. ಉಳಿದದ್ದು 166. ಅಂದರೆ ಎರಡಕ್ಕೂ ನಡುವೆ ನಿಜವಾದ ವ್ಯತ್ಯಾಸ ಆರು ಜನಕ್ಕೆ, ಎರಡು ರಾತ್ರಿಗೆ ಹದಿನೈದು ಡಾಲರ್ ಆಚೀಚೆ. ಒಂದೇ ರಾತ್ರಿ ಉಳಿಯುವುದಾದರೆ ಈ ಲೆಕ್ಕ ನಿಲ್ಲುವುದಿಲ್ಲ. ಒಂದು ರಾತ್ರಿಗಾಗಿ ಯಾರೂ ಎಣ್ಣೆ, ಉಪ್ಪು, ಸಾಸಿವೆಯಿಂದ ಹಿಡಿದು ಕಟ್ಟಿಕೊಂಡು ಹೋಗಬೇಕಿಲ್ಲ.

ಈ 166ರಲ್ಲಿ ಬರೆಯದ ಒಂದು ಖರ್ಚಿದೆ: ಅಡುಗೆ ಮಾಡುವವರ ರಜೆ. ಹೆಂಗಸರು ಒಲೆ ಮುಂದೆ ನಿಂತು ಉಳಿಸಿಕೊಟ್ಟ ದುಡ್ಡನ್ನು ‘ಟ್ರಿಪ್ ಅಗ್ಗದಲ್ಲಿ ಮುಗೀತು’ ಎಂದು ಹೇಳಿಕೊಳ್ಳುವುದು ನ್ಯಾಯವಲ್ಲ. ನಮ್ಮಲ್ಲಿ ಹೊರಡುವ ಮೊದಲೇ ಒಪ್ಪಂದ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ ಮನೆಯಿಂದಲೇ ಬರಬೇಕು. ಅಲ್ಲಿ ಅನ್ನ ಇಡುವುದು, ಮೊಸರನ್ನ ಕಲಸುವುದು, ಪಾತ್ರೆ ತೊಳೆಯುವುದು ನನ್ನ ಗಂಡ ಮತ್ತು ಮಗಳ ಕೆಲಸ. ಇದಕ್ಕೆ ಮನೆಯಲ್ಲಿ ಒಪ್ಪಿಗೆ ಇಲ್ಲವೆಂದರೆ ಕ್ಯಾಬಿನ್ ಹಿಡಿದು ಹೊರಗೆ ಉಣ್ಣಿ, ಅದೇ ಸರಿ. ಇಂಡಿಯನ್ ಸ್ಟೋರಿನ ಕೆಲಸವನ್ನೂ ನಿಮ್ಮ ಊರಲ್ಲೇ ಮುಗಿಸಿಕೊಳ್ಳಿ. ಸೌದೆಯನ್ನು ಮಾತ್ರ ಕಾರಿಗೆ ತುಂಬಬೇಡಿ. ಆಶ್ ಮರಗಳನ್ನು ಕೊಲ್ಲುವ ಪಚ್ಚೆ ದುಂಬಿ ಸೌದೆಯ ಜೊತೆಗೇ ಊರಿಂದೂರಿಗೆ ಹರಡುತ್ತದೆ, ಕ್ಯಾಂಪ್‌ಫೈರಿಗೆ ಬೇಕಾದ್ದನ್ನು ಅಲ್ಲಿಯೇ ಕೊಳ್ಳಬೇಕು.

ಅತ್ತೆ ಮಾವ ಬಂದಿದ್ದ ಆ ಬೇಸಿಗೆ ಕಾಟೇಜಿನಲ್ಲಿದ್ದಾಗ, ಒಂದು ಮಧ್ಯಾಹ್ನ ಮಕ್ಕಳು ನೀರಿನ ಪಾರ್ಕಿನಲ್ಲಿ ನೆಂದು ನಡುಗುತ್ತಾ ಬಂದರು. ಕ್ಯಾಂಪ್‌ಗ್ರೌಂಡಿನಿಂದ ಪಾರ್ಕಿಗೆ ಷಟಲ್ ಬಸ್ಸಿತ್ತು, ಅದರಲ್ಲೇ ವಾಪಸ್ಸು ಬಂದೆವು. ಮಾವನವರು ಮುಂಗಟ್ಟೆಯ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಒಳಗೆ ಏಸಿ, ಬಾಗಿಲು ಹಾಕಿಕೊಂಡು ಅತ್ತೆ ಮಲಗಿದ್ದರು. ಮಕ್ಕಳು ಬಿಸಿ ಉಪ್ಪಿಟ್ಟು ತಿಂದು ಒಂದು ನಿದ್ದೆ ತೆಗೆದು, ಬಿಸಿಲು ಇಳಿದ ಮೇಲೆ, ಸಾಲು ಕರಗಿದ ಹೊತ್ತಿಗೆ ಮತ್ತೆ ಹೋದರು. ಒಂದೇ ಟಿಕೆಟ್ಟಿನಲ್ಲಿ ಎರಡು ಸಲ ಪಾರ್ಕ್ ನೋಡಿದಂತಾಯಿತು. ಬಾಗಿಲಿಲ್ಲದ ಒಂದು ಕೋಣೆಯಲ್ಲಿ ಆರು ಜನ ಇದ್ದಿದ್ದರೆ ಆ ನಿದ್ದೆ ಯಾರಿಗೂ ಆಗುತ್ತಿರಲಿಲ್ಲ.

ಬುಕ್ ಮಾಡುವಾಗಿನ ಎರಡು ಮಾತು. 2025ರ ಮೇ 12ರಿಂದ ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಜಾರಿಯಲ್ಲಿದೆ. ವಸತಿ ಬಾಡಿಗೆ ತೋರಿಸುವವರು ಕಡ್ಡಾಯ ಶುಲ್ಕಗಳನ್ನೆಲ್ಲ ಸೇರಿಸಿಯೇ ದರ ತೋರಿಸಬೇಕು. ರೆಸಾರ್ಟ್ ಫೀ, ಕ್ಲೀನಿಂಗ್ ಫೀ ಕೊನೆಯ ಪುಟದಲ್ಲಿ ತಲೆ ಎತ್ತುವಂತಿಲ್ಲ. ಸರ್ಕಾರದ ತೆರಿಗೆ ಮಾತ್ರ ಆಮೇಲೆ ಸೇರಬಹುದು. ಇಂಡಿಯಾನಾದಲ್ಲಿ ಮಾರಾಟ ತೆರಿಗೆ 7 ಪರ್ಸೆಂಟ್, ಅದರ ಮೇಲೆ ಕೌಂಟಿಯ ವಸತಿ ತೆರಿಗೆ. ಇನ್ನೊಂದು, ಸಾಂಟಾ ಕ್ಲಾಸ್ ಊರು ಸೆಂಟ್ರಲ್ ಸಮಯದಲ್ಲಿದೆ, ಇಂಡಿಯಾನಾಪೊಲಿಸ್ಸೂ ಲೂಯಿವಿಲ್ಲೂ ಈಸ್ಟರ್ನ್ ಸಮಯದಲ್ಲಿವೆ. ನಿಮ್ಮ ಕೈಗಡಿಯಾರದಲ್ಲಿ ನಾಲ್ಕಾದಾಗ ಅಲ್ಲಿ ಮೂರು. ಕೀಲಿ ಕೊಡುವುದು ನಾಲ್ಕಕ್ಕೆ ಅಂದರೆ ಒಂದು ಗಂಟೆ ಕಾಯಬೇಕು. ಹಿರಿಯರು ಜೊತೆಗಿದ್ದರೆ ಮನೆಯಿಂದ ಅಷ್ಟು ತಡವಾಗಿಯೇ ಹೊರಡಿ.

ಈ ಸಲ ನನ್ನ ತಮ್ಮನ ಸಂಸಾರವೂ ಬರುತ್ತದೆ, ಒಟ್ಟು ಎಂಟು ಜನ. ಅಪ್ಪ ಅಮ್ಮ ಯಾರೂ ಜೊತೆಗಿಲ್ಲ, ಮಕ್ಕಳೆಲ್ಲ ಎತ್ತರವಾಗಿದ್ದಾರೆ, ಬೆಳಿಗ್ಗೆ ಹೋದರೆ ರಾತ್ರಿಯೇ ಬರುವವರು. ಎಂಟು ಜನ ಹಿಡಿಸುವ ದೊಡ್ಡ ಕಾಟೇಜ್ ಒಂದನ್ನು ತಮ್ಮ ಹುಡುಕಿಟ್ಟಿದ್ದ. ನಾನು ಬೇಡವೆಂದೆ. ಪಕ್ಕಪಕ್ಕದ ಎರಡು ಕ್ಯಾಬಿನ್‌ಗಳಿಗೆ, ಬಚ್ಚಲು ಇರುವಂಥವಕ್ಕೆ, ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ. ಬೆಳಿಗ್ಗೆ ಎಂಟು ಜನಕ್ಕೆ ಎರಡು ಬಚ್ಚಲು, ಮುಂಗಡ ಬೇರೆಬೇರೆ. ಒಂದು ಮನೆಯ ಮಗುವಿಗೆ ಜ್ವರ ಬಂದು ಅವರು ರದ್ದು ಮಾಡಬೇಕಾದರೂ ಇನ್ನೊಂದು ಮನೆಯವರು ಪೂರ್ತಿ ಬಾಡಿಗೆ ಹೊರಬೇಕಾಗಿಲ್ಲ. ತಮ್ಮ ಒಪ್ಪಿದ್ದಾನೆ. ರದ್ದು ಮಾಡಲು ಕೊನೆಯ ದಿನ ಯಾವುದೆಂದು ಇಬ್ಬರೂ ಫೋನಿನಲ್ಲಿ ಗುರುತು ಹಾಕಿಕೊಂಡಿದ್ದೇವೆ.